ಹೊಸ್ತಿಲು ಮುಳುಗುವ ಮೊದಲು ಒಂದು ಉತ್ತರ ಕೊಡಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಬಾಗಲಕೋಟೆ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳು.

ವಿಷಯ: ವಿದ್ಯಾರ್ಥಿಗಳು ಮಾಡುವ ಕಿರುಚಿತ್ರಗಳ ಚಿತ್ರೀಕರಣಕ್ಕೆ ಅನುಮತಿ ಕೊಡುವ ಕ್ರಮದ ಕುರಿತು.

ಮಾನ್ಯರೇ,

ನಾನು ಬಾಗಲಕೋಟೆಯ ನವನಗರದಲ್ಲಿ ಬೆಳೆದವಳು. ಕಳೆದ ವರ್ಷ ಬಿ.ಎ. ಕೊನೆಯ ಸೆಮಿಸ್ಟರಿನಲ್ಲಿದ್ದಾಗ ನಾವು ಒಂಬತ್ತು ಮಂದಿ ಸೇರಿ ಒಂದು ಕಥಾಚಿತ್ರ ಮಾಡಲು ಹೊರಟೆವು. 22 ನಿಮಿಷದ ಚಿತ್ರ. ಅದರಲ್ಲಿ 13 ನಿಮಿಷ ನಮ್ಮ ಹಾರ್ಡ್ ಡಿಸ್ಕಿನಲ್ಲಿದೆ. ಉಳಿದ 9 ನಿಮಿಷ ತೆಗೆಯಬೇಕಿದ್ದ ಜಾಗ, ಅನುಮತಿಯ ಕಾಗದಕ್ಕಾಗಿ ನಾವು ಓಡಾಡುತ್ತಿದ್ದಾಗಲೇ ಹಿನ್ನೀರಿನಲ್ಲಿ ಮುಳುಗಿತು. ಯಾರಿಗೋ ಶಿಕ್ಷೆ ಕೊಡಿಸಬೇಕೆಂದು ನಾನಿದನ್ನು ಬರೆಯುತ್ತಿಲ್ಲ, ಆ ಕಚೇರಿ ಯಾವುದೆಂದೂ ಹೇಳುವುದಿಲ್ಲ. ನಮಗಾದದ್ದು ನಮ್ಮ ನಂತರ ಕ್ಯಾಮೆರಾ ಹಿಡಿಯುವವರಿಗೆ ಆಗಬಾರದು. ಅದನ್ನು ತಪ್ಪಿಸುವ ಅಧಿಕಾರ ತಮ್ಮ ಮೂವರ ಕೈಯಲ್ಲಿದೆ.

ನಮ್ಮ ಕಥೆ ದೊಡ್ಡದೇನಲ್ಲ. ಮುಳುಗಡೆಯಾದ ಒಂದು ಊರು. ಬೇಸಿಗೆಯಲ್ಲಿ ಘಟಪ್ರಭೆಯ ಹಿನ್ನೀರು ಇಳಿದಾಗ ಹಳೆಯ ಮನೆಗಳ ಅಡಿಪಾಯ, ಕಟ್ಟೆ, ಮೆಟ್ಟಿಲು ಎದ್ದು ಕಾಣುತ್ತವೆ. ಪುನರ್ವಸತಿ ಕೇಂದ್ರದಲ್ಲಿರುವ ಒಬ್ಬ ಮುದುಕಿ ಪ್ರತಿ ಬೇಸಿಗೆ ಅಲ್ಲಿಗೆ ನಡೆದುಕೊಂಡು ಹೋಗಿ, ತನ್ನ ಮನೆಯ ಹೊಸ್ತಿಲು ಹುಡುಕಿ, ಅದರ ಮೇಲೆ ಸಂಜೆತನಕ ಕೂತು ಬರುತ್ತಾಳೆ. ಒಂದು ದಿನ ಮೊಮ್ಮಗಳು ಕರೆಯಲು ಬರುತ್ತಾಳೆ. ಇಬ್ಬರೂ ಆ ಹೊಸ್ತಿಲ ಮೇಲೆ ಕೂತು ಮಾತಾಡುವ 9 ನಿಮಿಷವೇ ಚಿತ್ರದ ಜೀವ. ಉಳಿದದ್ದೆಲ್ಲ ಅಲ್ಲಿಗೆ ಕರೆದೊಯ್ಯುವ ದಾರಿ.

ಮುದುಕಿಯ ಪಾತ್ರ ಮಾಡಿದವರು ನಮ್ಮ ತಂಡದ ಹುಡುಗಿಯೊಬ್ಬಳ ಆಯಿ, ಅಂದರೆ ಅಜ್ಜಿ. ವಯಸ್ಸು 74. ಅವರು ನಟಿಯಲ್ಲ. ಆದರೆ ಅದೇ ಊರಲ್ಲಿ ಬಾಳಿದವರು, ಆ ಹೊಸ್ತಿಲು ನಿಜಕ್ಕೂ ಅವರದೇ. ಕಲ್ಲಿನ ಹೊಸ್ತಿಲು, ನಡುವೆ ಸವೆದು ತಗ್ಗಾಗಿದೆ. ಎಡಬದಿಗೆ ಬಾಗಿಲ ಚೌಕಟ್ಟು ಕೂರುತ್ತಿದ್ದ ಚೌಕ ಕುಳಿ. ಮೊದಲ ದಿನ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾವ್ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಆಯಿ ಇಳಕಲ್ ಸೀರೆಯ ಸೆರಗಿನಿಂದ ಒಣಗಿದ ಕೆಸರು ಒರೆಸಿದರು, ಕುಳಿಯೊಳಗೆ ಬೆರಳು ಹಾಕಿ ಮಣ್ಣು ತೆಗೆದರು, ಆಮೇಲೆ ಕೂತರು. ಮೊಮ್ಮಗಳನ್ನು ನೋಡಿ, "ಇಲ್ಲೇ ಕುಂತು ನಿಮ್ಮವ್ವಗ ಎಣ್ಣಿ ಹಚ್ಚಿ ಹೆರಳ ಹಾಕ್ತಿದ್ನಿ ಯವ್ವಾ" ಅಂದರು. ಆ ಮಾತು ನಮ್ಮ ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಅದು ರಿಹರ್ಸಲ್ ಆಗಿದ್ದರಿಂದ ರೆಕಾರ್ಡರನ್ನೂ ಆನ್ ಮಾಡಿರಲಿಲ್ಲ. ನಾಳೆ ಸಂಜೆ ಇದನ್ನೇ ತೆಗೆಯೋಣ ಎಂದುಕೊಂಡು ಮನೆಗೆ ಬಂದೆವು.

ಮರುದಿನ ಕ್ಯಾಮೆರಾ ಸ್ಟ್ಯಾಂಡು ಹೂಡುವಷ್ಟರಲ್ಲಿ ಒಬ್ಬರು ಮೋಟಾರ್ ಸೈಕಲ್ಲಿನ ಮೇಲೆ ಬಂದರು. "ಯಾರನ್ನ ಕೇಳಿ ಶೂಟಿಂಗ್ ಮಾಡಾಕತ್ತೀರಿ? ಕಾಗದ ತೋರಸ್ರಿ" ಅಂದರು. ನಮ್ಮ ಹತ್ತಿರ ಕಾಲೇಜಿನ ಪತ್ರವಿತ್ತು, ಅದು ಸಾಲದು ಅಂದರು. ಅವರದು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಸ್ವಾಧೀನವಾದ ಜಮೀನು, ಅಲ್ಲಲ್ಲಿ ಕುಸಿಯುವ ಮಣ್ಣು, ನೀರಿನ ಅಂಚು, ನಮ್ಮಲ್ಲಿ ಐವರು ಹುಡುಗಿಯರು. ಕೇಳುವುದು ಅವರ ಕೆಲಸ. ನಾವು ಸಾಮಾನು ಕಟ್ಟಿದೆವು, ಅದಾದ ನಾಲ್ಕನೇ ದಿನ, ಏಪ್ರಿಲ್ 9ಕ್ಕೆ, ಅರ್ಜಿ ಕೊಟ್ಟೆವು.

ಆಮೇಲಿನದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಟ್ಟಿದ್ದೇನೆ. ಮೊದಲು ಪೊಲೀಸರ ನಿರಾಕ್ಷೇಪಣಾ ಪತ್ರ ತನ್ನಿ ಅಂದರು. ಅದಕ್ಕೆ ಪ್ರಾಚಾರ್ಯರ ಪತ್ರ ಹೊಸ ನಮೂನೆಯಲ್ಲಿ ಬೇಕಾಯಿತು. ಪ್ರಾಚಾರ್ಯರು ಸ್ಕ್ರಿಪ್ಟ್ ಓದಬೇಕೆಂದರು, ಓದಿ ಎರಡೇ ದಿನದಲ್ಲಿ ಸಹಿ ಹಾಕಿದರು, ಅವರ ಉಪಕಾರ ಮರೆಯುವುದಿಲ್ಲ. ಕಚೇರಿಗೆ ಮರಳಿ ಹೋದರೆ ಸ್ಕ್ರಿಪ್ಟಿನ ಮೂರು ಪ್ರತಿ ಕೇಳಿದರು. ಮೇ ತಿಂಗಳಲ್ಲಿ, ಏನಾದರೂ ಅನಾಹುತವಾದರೆ ನಾವೇ ಹೊಣೆ ಎಂದು 100 ರೂಪಾಯಿಯ ಬಾಂಡ್ ಪೇಪರಿನ ಮೇಲೆ ಬರೆದುಕೊಡಲು ಹೇಳಿದರು. ಬರೆದುಕೊಟ್ಟೆವು. ಇದಿಷ್ಟೂ ಬೇಕೆಂದು ಏಪ್ರಿಲ್ 9ರಂದೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ವಾರದೊಳಗೆ ತಂದು ಕೊಡುತ್ತಿದ್ದೆವು. ಒಂದೊಂದು ಕಾಗದ ಒಯ್ದಾಗಲೂ ಮುಂದಿನದನ್ನು ಹೇಳಿದರು. ಆಮೇಲೆ "ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ, ನಾಳಿ ಬರ್ರಿ." ಒಟ್ಟು 11 ಸಲ ಹೋಗಿದ್ದೇವೆ. ಯಾರೂ ಲಂಚ ಕೇಳಲಿಲ್ಲ, ಯಾರೂ ಬೈಯಲಿಲ್ಲ. ಆಗುವುದಿಲ್ಲ ಅಂತಲೂ ಯಾರೂ ಹೇಳಲಿಲ್ಲ. ಹೇಳಿದ್ದರೆ ಕಥೆಯನ್ನೇ ಬೇರೆ ಜಾಗಕ್ಕೆ ಬರೆದುಕೊಳ್ಳುತ್ತಿದ್ದೆವು.

ಜೂನ್ ಕೊನೆಗೆ ಸಹ್ಯಾದ್ರಿಯಲ್ಲಿ ಮಳೆ ಹಿಡಿಯಿತು. ಅಲ್ಲಿ ಮಳೆಯಾದರೆ ಕೆಲವೇ ದಿನಗಳಲ್ಲಿ ಇಲ್ಲಿ ನೀರು ಏರುತ್ತದೆ, ಅದು ನಮ್ಮ ಭಾಗದ ಮಕ್ಕಳಿಗೂ ಗೊತ್ತು. ಆಲಮಟ್ಟಿಯಲ್ಲಿ ನೀರು ನಿಂತು, ಹಿನ್ನೀರು ದಿಬ್ಬ ಹತ್ತತೊಡಗಿತು. ಜುಲೈ ಎರಡನೇ ವಾರ ನಾನು ಒಬ್ಬಳೇ ಹೋಗಿ ನೋಡಿದೆ. ಮೊದಲು ಅಂಗಳದ ಕಲ್ಲು ಹೋಗಿತ್ತು. ಹೊಸ್ತಿಲ ತಗ್ಗಿನಲ್ಲಿ ಅಂಗೈಯಷ್ಟು ನೀರು ನಿಂತಿತ್ತು. ಎರಡು ದಿನ ಬಿಟ್ಟು ಹೋದಾಗ ಹೊಸ್ತಿಲೇ ಕಾಣಲಿಲ್ಲ. ಆಗಸ್ಟ್ 20ಕ್ಕೆ ನಮಗೆ ಲಿಖಿತ ಉತ್ತರ ಬಂತು. ಸ್ಥಳ ಜಲಾವೃತವಾಗಿರುವುದರಿಂದ ಅನುಮತಿ ಕೊಡಲು ಬರುವುದಿಲ್ಲ ಎಂದು ಅದರಲ್ಲಿತ್ತು.

ಇಷ್ಟಕ್ಕೆಲ್ಲ ಇವರು ಯಾಕೆ ಇಷ್ಟು ಹಚ್ಚಿಕೊಂಡಿದ್ದಾರೆ, ಬೇರೆ ಕಡೆ ತೆಗೆದುಕೊಂಡರಾಯಿತಲ್ಲ ಎಂದು ತಮಗೆ ಅನಿಸಬಹುದು. ಆ ಮಾತನ್ನು ಕಚೇರಿಯಲ್ಲೂ ಕೇಳಿದೆವು. ಅದಕ್ಕಾಗಿ ಕಡಿಮೆ ದುಡ್ಡಿನ ಕಥಾಚಿತ್ರ ಹೇಗೆ ತಯಾರಾಗುತ್ತದೆ ಎಂದು ಸ್ವಲ್ಪ ಹೇಳಬೇಕು.

ನಮ್ಮ ಬಜೆಟ್ 38,000 ರೂಪಾಯಿ. ಒಂಬತ್ತು ಮಂದಿ ಕೂಡಿಸಿದ ದುಡ್ಡು. ಕ್ಯಾಮೆರಾ ಅಂದರೆ ಗೆಳೆಯನ ಫೋನು. ಬೆಳಕಿಗೆ ಸೂರ್ಯ, ಮುಖದ ನೆರಳು ಕಡಿಮೆ ಮಾಡಲು ಎರಡು ಥರ್ಮೋಕೋಲ್ ಹಾಳೆ. ದುಡ್ಡು ಹೆಚ್ಚು ಖರ್ಚಾದದ್ದು ಧ್ವನಿಗೆ, ಅದು ಬೇಕಂತಲೇ ಮಾಡಿದ್ದು. ಚಿತ್ರ ಸ್ವಲ್ಪ ಮಂಜಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಹಿನ್ನೀರಿನ ದಂಡೆಯಲ್ಲಿ ಗಾಳಿ ಒಂದೇ ಸಮ ಬೀಸುತ್ತದೆ. ಫೋನಿನ ಮೈಕಿನಲ್ಲಿ ಆಯಿಯ ಮಾತಿನ ಬದಲು ಬರೀ ಭರ್ರೆನ್ನುವ ಸದ್ದು ಬಂದಿತ್ತು. ಹಾಗಾಗಿ ಹುಬ್ಬಳ್ಳಿಯಿಂದ ಕಾಲರ್ ಮೈಕು, ರೆಕಾರ್ಡರು, ಉಣ್ಣೆಯ ಗವಸು ಇರುವ ಬೂಮ್ ಮೈಕು ಬಾಡಿಗೆಗೆ ತಂದೆವು. ಬಾಡಿಗೆ ದಿನದ ಲೆಕ್ಕ, ಶೂಟಿಂಗ್ ನಡೆದರೂ ನಿಂತರೂ. ಏಪ್ರಿಲ್ ಬಿಸಿಲಿಗೆ ಫೋನು ಕಾದು ಕ್ಯಾಮೆರಾ ತಾನಾಗಿಯೇ ಬಂದಾಗುತ್ತದೆ. ಬೆಳಿಗ್ಗೆ ಎಂಟೂವರೆವರೆಗೆ, ಸಂಜೆ ಐದರ ಮೇಲೆ, ಅಷ್ಟೇ ನಮ್ಮ ಕೆಲಸದ ಹೊತ್ತು. ಎಡಿಟಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ನಾವು ಕಲಿತದ್ದು. ಊಟ ಮನೆಮನೆಯಿಂದ, ರೊಟ್ಟಿ, ಝುಣಕ, ಶೇಂಗಾ ಹಿಂಡಿ.

ಇಷ್ಟರಲ್ಲಿ ನಾವು ಕೊಳ್ಳಲಾಗದ್ದು ಒಂದೇ, ಜಾಗ. ದೊಡ್ಡ ತಂಡದವರು ಹೊಸ್ತಿಲನ್ನು ಸ್ಟುಡಿಯೋದಲ್ಲಿ ಕಟ್ಟಿಸಬಲ್ಲರು, ನೀರನ್ನು ಕಂಪ್ಯೂಟರಿನಲ್ಲಿ ಹಿಂದೆ ಸರಿಸಬಲ್ಲರು. ನಾವು ಕಥೆ ಬರೆಯುವಾಗಲೇ ನಮಗೆ ಎಟಕುವ ಜಾಗ, ಎಟಕುವ ಮನುಷ್ಯರು, ಎಟಕುವ ಬೆಳಕು ನೋಡಿಕೊಂಡು ಬರೆದಿರುತ್ತೇವೆ. ಅದರಲ್ಲಿ ಒಂದು ಕಳಚಿದರೆ ಚಿತ್ರವೇ ಇಲ್ಲ. ಕಥಾಚಿತ್ರಕ್ಕೆ ಇನ್ನೊಂದು ಕಟ್ಟು ಇದೆ, ಕಂಟಿನ್ಯೂಟಿ. ತೆರೆಯ ಮೇಲೆ ಒಂದೇ ಸಂಜೆ ಎಂದು ತೋರಿಸುವುದನ್ನು ನಾವು ನಾಲ್ಕು ಸಂಜೆ ತೆಗೆಯುತ್ತೇವೆ. ನಾಲ್ಕೂ ಸಂಜೆ ಅದೇ ಸೀರೆ, ಅದೇ ಬೆಳಕು, ಹಿಂದುಗಡೆ ನೀರಿನ ಗೆರೆಯೂ ಅದೇ ಇರಬೇಕು. ಆಯಿ ಒಂದು ಮಾತು ಹೇಳುವಾಗ ನೀರು ನೂರು ಹೆಜ್ಜೆ ದೂರ, ಮೊಮ್ಮಗಳು ಉತ್ತರ ಕೊಡುವಾಗ ಹತ್ತು ಹೆಜ್ಜೆ ದೂರ ಇದ್ದರೆ ನೋಡುವವರ ಮನಸ್ಸು ಆ ಕ್ಷಣವೇ ಚಿತ್ರದಿಂದ ಹೊರಗೆ ಬರುತ್ತದೆ. ಅನುಮತಿ ತಡವಾದರೆ ದೊಡ್ಡ ಚಿತ್ರಕ್ಕೆ ಖರ್ಚು ಹೆಚ್ಚುತ್ತದೆ. ನಮ್ಮ ಚಿತ್ರ ಅಲ್ಲಿಗೇ ಸಾಯುತ್ತದೆ.

ವಿದ್ಯಾರ್ಥಿಗಳ ಚಿತ್ರ ಎಂದರೆ ಹುಡುಗಾಟ ಎಂಬ ಭಾವನೆ ಮೇಜಿನ ಆ ಬದಿ ಕೂತವರಲ್ಲಿ ನಮಗೆ ಕಂಡಿದೆ. 2024ರಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ, ಅಂದರೆ ಜಗತ್ತಿನ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗಾಗಿಯೇ ಇರುವ ಸ್ಪರ್ಧೆಯಲ್ಲಿ, ಮೊದಲ ಬಹುಮಾನ ಪಡೆದದ್ದು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಓದಿದ ಕನ್ನಡಿಗ ಚಿದಾನಂದ ನಾಯಕ್ ಅವರ ಕನ್ನಡ ಕಿರುಚಿತ್ರ. 16 ನಿಮಿಷದ್ದು, ಒಬ್ಬ ಮುದುಕಿ, ಒಂದು ಹುಂಜ, ನಮ್ಮ ಜನಪದ ಕಥೆ. ಆ ಸುದ್ದಿ ಓದಿದ ದಿನವೇ ನಮ್ಮ ಗುಂಪು ಕೂಡಿದ್ದು. ಅವರ ಬೆನ್ನಿಗೆ 1960ರಿಂದ ನಡೆದುಬಂದ ಒಂದು ಸಂಸ್ಥೆ ಇತ್ತು. ನಮ್ಮ ಮೂರು ಜಿಲ್ಲೆಯ ಹುಡುಗರಿಗೆ ಅಂಥದ್ದು ಕೈಗೆಟಕುವ ಕಡೆ ಇಲ್ಲ, ಬೆಂಗಳೂರು ಇಲ್ಲಿಂದ ಒಂದು ಇಡೀ ರಾತ್ರಿಯ ಪ್ರಯಾಣ. ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಾಡಿ ಹೆಸರು ಮಾಡಲು ಮುಂಬೈಗೆ ಹೋಗಬೇಕಾಯಿತು. ಆಗ ಬೇರೆ ದಾರಿ ಇರಲಿಲ್ಲ. ಈಗ ಕ್ಯಾಮೆರಾ ಜೇಬಿನಲ್ಲೇ ಇದೆ, ಈಗಲೂ ಊರು ಬಿಡಬೇಕೆಂದರೆ ನನಗೆ ಸಂಕಟವಾಗುತ್ತದೆ.

ಈ ನೆಲದ ಆಡಳಿತಕ್ಕೆ ಕಲೆಯ ಪರವಾನಗಿ ಹೊಸದೇನಲ್ಲ ಮಾನ್ಯರೇ. ಬನಶಂಕರಿ ಜಾತ್ರೆ ಬಂತೆಂದರೆ ಬಾದಾಮಿಯ ಬದಿಗೆ ನಾಟಕ ಕಂಪನಿಗಳ ಟೆಂಟುಗಳು ಸಾಲಾಗಿ ಏಳುತ್ತವೆ. ಜಾಗ, ಕರೆಂಟು, ಬೆಂಕಿಯ ಮುನ್ನೆಚ್ಚರಿಕೆ, ಬಂದೋಬಸ್ತು, ರಾತ್ರಿಯಿಡೀ ಆಟ, ಎಲ್ಲವೂ ಜಾತ್ರೆಯ ದಿನಕ್ಕೆ ಸರಿಯಾಗಿ ನಡೆಯುತ್ತದೆ. ತೇರಿನ ದಿನ ಮುಂದೂಡಲು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಕಡತವೂ ಓಡುತ್ತದೆ. ಹಿನ್ನೀರೂ ಹಾಗೆಯೇ, ಯಾರಿಗೂ ಕಾಯುವುದಿಲ್ಲ. ನಮ್ಮ ಅರ್ಜಿಯ ಮೇಲೆ ಆ ದಿನಾಂಕವನ್ನು ಯಾರಾದರೂ ಓದಿದ್ದರೆ ಸಾಕಿತ್ತು. ನಾವು ಕೆಂಪು ಪೆನ್ನಿನಲ್ಲಿ ಬರೆದಿದ್ದೆವು, "ಜೂನ್ ಒಳಗೆ."

ಬೇರೆ ಎರಡು ಜಿಲ್ಲೆಯ ಗೆಳೆಯರ ತೊಡಕು ಇನ್ನೊಂದು ಬಗೆಯದು, ಯಾರನ್ನು ಕೇಳಬೇಕೆಂಬುದೇ ತಿಳಿಯದ ತೊಡಕು. ವಿಜಯಪುರದಲ್ಲಿ ಗೋಲಗುಂಬಜ್, ಇಬ್ರಾಹಿಂ ರೋಜಾ, ಬಾರಾ ಕಮಾನ್ ಎಲ್ಲ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿನಲ್ಲಿವೆ, ಹೊರಗಿನ ರಸ್ತೆ ಪಾಲಿಕೆಯದು. ಬೆಳಗಾವಿಯಲ್ಲಿ ಸ್ವಲ್ಪ ನಡೆದರೆ ಪಾಲಿಕೆಯ ಗಡಿ ದಾಟಿ ಕಂಟೋನ್ಮೆಂಟ್ ಬಂದುಬಿಡುತ್ತದೆ. ಇಪ್ಪತ್ತು ವರ್ಷದ ಹುಡುಗನಿಗೆ ಈ ಗೆರೆಗಳು ಹೇಗೆ ಕಾಣಬೇಕು? ಬಾದಾಮಿಯ ಅಗಸ್ತ್ಯತೀರ್ಥದ ಸುತ್ತ ದೊಡ್ಡ ದೊಡ್ಡ ಚಿತ್ರತಂಡಗಳು ಬಂದು ಕೆಲಸ ಮಾಡಿ ಹೋಗಿವೆ. ಅವರಿಗೆ ಇದನ್ನೇ ನೋಡಿಕೊಳ್ಳುವ ಪ್ರೊಡಕ್ಷನ್ ಮ್ಯಾನೇಜರ್ ಇರುತ್ತಾರೆ. ನಮ್ಮಲ್ಲಿ ಆ ಕೆಲಸ ಮಾಡುವವಳೇ ಕ್ಲ್ಯಾಪ್ ಹಿಡಿಯುತ್ತಾಳೆ, ರೊಟ್ಟಿ ಬುತ್ತಿಯನ್ನೂ ಹೊರುತ್ತಾಳೆ.

ಆದ್ದರಿಂದ ನನ್ನ ವಿನಂತಿ. ಪ್ರತಿ ಜಿಲ್ಲೆಯಲ್ಲಿ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿ, ವಿದ್ಯಾರ್ಥಿಗಳ ಚಿತ್ರೀಕರಣದ ಅರ್ಜಿಗಳೆಲ್ಲ ಅವರ ಮೇಜಿಗೆ ಬರುವಂತೆ ಒಂದು ಸುತ್ತೋಲೆ ಹೊರಡಿಸಿ. ಯಾವ ಜಾಗ ಯಾರ ಸುಪರ್ದಿನಲ್ಲಿದೆ ಎಂದು ಹೇಳುವುದು, ಬೇಕಾದ ಕಾಗದಗಳ ಪಟ್ಟಿಯನ್ನು ಮೊದಲ ದಿನವೇ ಕೈಗೆ ಕೊಡುವುದು ಅವರ ಹೊಣೆಯಾಗಲಿ. ಅರ್ಜಿಗೆ ಏಳು ಕೆಲಸದ ದಿನಗಳೊಳಗೆ ಲಿಖಿತ ಉತ್ತರ ಬರಲಿ. ಆಗುವುದಿಲ್ಲ ಎಂಬುದಾದರೆ ಅದನ್ನೇ ಕಾರಣ ಸಮೇತ ಬರೆಯಲಿ, ನಾವು ತಲೆಬಾಗಿ ಒಪ್ಪುತ್ತೇವೆ. 2011ರ ಸಕಾಲ ಕಾಯ್ದೆಯಿಂದ ನಮ್ಮ ರಾಜ್ಯದಲ್ಲಿ ಎಷ್ಟೋ ಸೇವೆಗಳಿಗೆ ದಿನದ ಗಡುವು ಬಂದಿದೆ, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರದ ಲೆಕ್ಕವೂ ಇದೆ. ನಮಗೆ ಪರಿಹಾರ ಬೇಡ. ಆ ಶಿಸ್ತನ್ನೇ ಈ ಅರ್ಜಿಗಳಿಗೂ ಅನ್ವಯಿಸಲು ತಮ್ಮ ಒಂದು ಆದೇಶ ಸಾಕು ಎಂದು ನಂಬಿದ್ದೇನೆ.

ಹಿನ್ನೀರಿನ ಜಾಗಗಳ ಬಗ್ಗೆ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರಲ್ಲೇ ಒಪ್ಪಿದೆ. ಅದು ರೈತರಿಗೆ ನೀರಿನ ಮಾತು, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ನೀರು ಏರಿದ ಮೇಲೆ ಈ ಹೊಸ್ತಿಲುಗಳು ಬೇಸಿಗೆಯಲ್ಲಾದರೂ ಹೊರಗೆ ಬರುತ್ತವೆಯೋ ಇಲ್ಲವೋ. ಅಲ್ಲಿ ಬಾಳಿದವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಫೆಬ್ರವರಿಯಿಂದ ಜೂನ್‌ವರೆಗಿನ ಅರ್ಜಿಗಳನ್ನು ಮೊದಲು ಕೈಗೆತ್ತಿಕೊಳ್ಳಲು ಹೇಳಿ. ಅಪಾಯವಿದ್ದರೆ ಜೊತೆಗೆ ಒಬ್ಬರನ್ನು ಕಳಿಸಿ, ಅವರು ನಿಲ್ಲಿ ಅಂದಲ್ಲಿ ನಿಲ್ಲುತ್ತೇವೆ. ಡ್ರೋನ್ ಹಾರಿಸುವುದಿಲ್ಲ, ಕತ್ತಲಾದ ಮೇಲೆ ಅಲ್ಲಿರುವುದಿಲ್ಲ, ಒಂದು ನೀರಿನ ಬಾಟಲಿಯನ್ನೂ ಬಿಟ್ಟು ಬರುವುದಿಲ್ಲ.

ಸಂರಕ್ಷಿತ ಸ್ಮಾರಕಗಳ ಶುಲ್ಕ ತಮ್ಮ ಕೈಯಲ್ಲಿಲ್ಲ, ಅದು ಕೇಂದ್ರದ್ದು. ಕಾಲೇಜಿನ ಪತ್ರವಿರುವ ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡಿರೆಂದು ತಾವು ಮೂವರೂ ಸೇರಿ ಒಂದು ಪತ್ರ ಬರೆದರೆ ಅದಕ್ಕೆ ತೂಕವಿರುತ್ತದೆ. ಇನ್ನೊಂದು, ಮಾಡಿದ ಚಿತ್ರ ತೋರಿಸಲು ನಮಗೆ ಜಾಗವಿಲ್ಲ. ಜಿಲ್ಲಾ ಕೇಂದ್ರದಲ್ಲಿ ಸರ್ಕಾರದ ಸಭಾಂಗಣವೊಂದು ತಿಂಗಳಲ್ಲಿ ಒಂದು ಸಂಜೆ ಖಾಲಿ ಇದ್ದೇ ಇರುತ್ತದೆ. ಅದನ್ನು ಬಾಡಿಗೆಯಿಲ್ಲದೆ ಕೊಡಿಸಿ, ಪ್ರೊಜೆಕ್ಟರು ನಾವೇ ತರುತ್ತೇವೆ. ಫೋನಿನಲ್ಲಿ ತೆಗೆದ ಚಿತ್ರವನ್ನು ಫೋನಿನಲ್ಲೇ ನೋಡುತ್ತಾ ಕೂತರೆ ನಮ್ಮ ತಪ್ಪು ನಮಗೆ ಎಂದೂ ಕಾಣುವುದಿಲ್ಲ. ಅಪರಿಚಿತರ ನಡುವೆ ಕತ್ತಲಲ್ಲಿ ಕೂತು, ಯಾವ ಜಾಗದಲ್ಲಿ ಜನ ಕೆಮ್ಮಿದರು, ಯಾವ ಜಾಗದಲ್ಲಿ ಉಸಿರು ಹಿಡಿದರು ಎಂದು ಕೇಳಿಸಿಕೊಂಡಾಗಲೇ ಕಲಿಕೆ. ನಮ್ಮ ಭಾಗದ ಜನಪದ ಆಟವಾದ ಶ್ರೀಕೃಷ್ಣ ಪಾರಿಜಾತ ಆಡುವ ಹಿರಿಯರೂ ನಮಗೆ ಇದನ್ನೇ ಹೇಳಿದ್ದಾರೆ.

ನಮ್ಮ 13 ನಿಮಿಷದ ಚಿತ್ರವನ್ನು ಕಾಲೇಜಿನ ಒಂದು ಕೋಣೆಯಲ್ಲಿ ಒಮ್ಮೆ ಹಾಕಿ ನೋಡಿದೆವು. ಆಯಿಯೂ ಬಂದಿದ್ದರು. ಅವರು ದಿಬ್ಬ ಇಳಿಯುವ ಶಾಟ್ ಬಂದು ತೆರೆ ಕಪ್ಪಾಯಿತು. "ಮನಿ ಎಲ್ಲೈತಿ? ಮನಿ ತೋರಸಲಿಲ್ಲಲ್ಲ" ಅಂದರು. ನಮ್ಮಲ್ಲಿ ಯಾರಿಗೂ ಮಾತು ಬರಲಿಲ್ಲ.

ಆಮೇಲೆ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿದೆ. ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ, ದಿಬ್ಬ ಇಳಿಯಲು ಆಗುವುದಿಲ್ಲ. ಕುರ್ಚಿಯಲ್ಲಿ ಕೂಡ್ರಿಸಿ ನಾಲ್ವರು ಹೊತ್ತುಕೊಂಡು ಇಳಿಸುತ್ತೇವೆ ಎಂದು ಹೇಳಿದ್ದೇವೆ, ಒಪ್ಪಿದ್ದಾರೆ. ಅದೇ ಇಳಕಲ್ ಸೀರೆಯನ್ನು ಒಗೆದು ಟ್ರಂಕಿನಲ್ಲಿ ಇಟ್ಟಿದ್ದಾರೆ, ಬೇರೆ ಯಾವುದಕ್ಕೂ ಉಡುವುದಿಲ್ಲವಂತೆ. ಮೈಕಿನ ಬಾಡಿಗೆಗೆ ಈ ಸಲ ನಾನು ಟ್ಯೂಶನ್ ಹೇಳಿ ದುಡ್ಡು ಕೂಡಿಸಿದ್ದೇನೆ. ಹೊಸ ಅರ್ಜಿಯನ್ನು, ಕಳೆದ ಬಾರಿ ಕೇಳಿದ ಎಲ್ಲ ಕಾಗದಗಳನ್ನೂ ಮೊದಲೇ ಲಗತ್ತಿಸಿ, ಜನವರಿಯಲ್ಲಿ ಕೊಡುತ್ತೇವೆ. ಹೊಸ್ತಿಲು ಹೊರಗೆ ಕಾಣುವುದು ಮಾರ್ಚ್ ಕೊನೆಯ ಹೊತ್ತಿಗೆ. ಅಷ್ಟರೊಳಗೆ ಉತ್ತರ ಕೊಡಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ವಿದ್ಯಾರ್ಥಿ ನಿರ್ದೇಶಕಿ, ಮತ್ತು ತಂಡದ ಎಂಟು ಮಂದಿ
ನವನಗರ, ಬಾಗಲಕೋಟೆ